ಮನೆ ಬಿಟ್ಟವರ ಪುಸ್ತಕ, ಮನೆಯಲ್ಲಿದ್ದವರ ಓದು

ದೇಶಸಂಚಾರದ ಕಥೆಗಳನ್ನು ಓದುವುದಕ್ಕೆ ಗದಗ-ಬೆಟಗೇರಿಯಂಥ ಊರು ಬಹಳ ಅನುಕೂಲವಾದುದು. ನಡುರಾತ್ರಿಯಲ್ಲಿಯೂ ರೈಲಿನ ಸಿಳ್ಳು ಕಿವಿಗೆ ಬೀಳುವಲ್ಲಿ, ದೂರ ಹೋದವರ ಸುದ್ದಿ ಹೇಳುವ ಹೊತ್ತಗೆಯೊಂದು ಕೈಯಲ್ಲಿದ್ದರೆ, ಓದುವವರ ಮನಸ್ಸು ತಾನಾಗಿಯೇ ಸ್ಟೇಶನ್ನಿನ ಕಡೆಗೆ ನಡೆಯುತ್ತದೆ. ಆದರೆ ಆ ಹೊತ್ತಗೆಯನ್ನು ಬರೆದವರು ಬಹುಪಾಲು ಟಿಕೆಟ್ಟಿಲ್ಲದೆಯೇ ಭಾರತವನ್ನು ಸುತ್ತಿದವರಾದರೆ, ಸುತ್ತಲು ಹೊರಡುವ ಮುನ್ನ ಹೆಂಡತಿಗೊಂದು ಕಾಗದ ಬರೆದಿಟ್ಟು ನಸುಕಿನಲ್ಲಿ ಮನೆಯಿಂದ ಹೊರಬಿದ್ದವರಾದರೆ, ಓದು ಅಷ್ಟು ಸರಾಗವಾಗಿ ಸಾಗುವುದಿಲ್ಲ. ಸ್ವಾಮಿ ರಾಮದಾಸರ 'ಇನ್ ಕ್ವೆಸ್ಟ್ ಆಫ್ ಗಾಡ್' ಇಂಥದೊಂದು ಪುಸ್ತಕ. ಮನೆಮಂದಿಯ ನಡುವೆ ಕುಳಿತು ಓದುವವರು ಇದನ್ನು ಮುಚ್ಚಿಟ್ಟ ಬಳಿಕ ಬಹಳ ಹೊತ್ತು ಮಾತನಾಡುವುದಿಲ್ಲ. ಮಾತನಾಡಿದರೆ ಆ ಮನೆಯಲ್ಲಿ ಒಂದು ಚಿಕ್ಕ ವಾಗ್ವಾದ ನಡೆಯುವುದು ಖಂಡಿತ.

ರಾಮದಾಸರ ಪೂರ್ವಾಶ್ರಮದ ಹೆಸರು ವಿಠಲರಾವ್. ಇಂದು ಕೇರಳಕ್ಕೆ ಸೇರಿರುವ, ಅಂದು ಮದರಾಸು ಇಲಾಖೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಹೊಸದುರ್ಗದಲ್ಲಿ 1884ರಲ್ಲಿ ಜನನ. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಜವಳಿಯ ತಂತ್ರವನ್ನು ಕಲಿತರು, ನೂಲಿನ ಗಿರಣಿಗಳಲ್ಲಿ ದುಡಿದರು. ಒಂದು ಕೆಲಸ ಬಿಟ್ಟು ಮತ್ತೊಂದು, ಒಂದು ಊರು ಬಿಟ್ಟು ಇನ್ನೊಂದು. ಕೊನೆಗೆ ಮಂಗಳೂರಿಗೆ ಬಂದು ಮಾವನವರ ವ್ಯಾಪಾರಕ್ಕೆ ಕೈಗೂಡಿಸಿ, ಅದೂ ಒಗ್ಗದೆ, ಸೀರೆಗಳಿಗೆ ಬಣ್ಣ ಹಾಕಿ ಅಚ್ಚೊತ್ತುವ ಸ್ವಂತ ಉದ್ಯೋಗವನ್ನು ತೆರೆದರು. ಅದು ಕೈಹಿಡಿಯಲಿಲ್ಲ. ಸಾಲವಾಯಿತು.

ಬೆಟಗೇರಿಯ ಮಗ್ಗದ ಮನೆಯವರಿಗೆ ಈ ಭಾಗವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನೂಲಿನ ದರ ಏರಿ ಸೀರೆಯ ದರ ಇಳಿದ ವರ್ಷ ಎಂಥದೆಂಬುದು, ಬಣ್ಣದ ಹಂಡೆಯ ಮುಂದೆ ನಿಂತವನ ಕೈ ನೀಲಿಯಾಗಿಯೂ ಜೇಬು ಬರಿದಾಗಿಯೂ ಇರುವುದೆಂಥದೆಂಬುದು ಅವರಿಗೆ ಗೊತ್ತು. ವೈರಾಗ್ಯದ ಕಥೆಗಳಲ್ಲಿ ಸಾಮಾನ್ಯವಾಗಿ ರಾಜಕುಮಾರರು ಅರಮನೆ ಬಿಡುತ್ತಾರೆ. ಇಲ್ಲಿ ಮಧ್ಯಮ ವರ್ಗದ ಗೃಹಸ್ಥನೊಬ್ಬನು ನಷ್ಟದಲ್ಲಿದ್ದ ಅಂಗಡಿಯನ್ನು ಬಿಟ್ಟಿದ್ದಾನೆ. ಇದರಿಂದ ತ್ಯಾಗದ ತೂಕ ಕಡಿಮೆಯಾಯಿತೆಂದು ಕೆಲವರು ವಾದಿಸಬಹುದು. ಆದರೆ ಸಾಲಕ್ಕೆ ಹೆದರಿ ಓಡಿಹೋದವರು ವರ್ಷದೊಳಗೆ ಎಲ್ಲಿಯಾದರೂ ಇನ್ನೊಂದು ಅಂಗಡಿ ಹಾಕುತ್ತಾರೆ. ಇವರು ಮತ್ತೆಂದೂ ಹಾಕಲಿಲ್ಲ. ಸಂಕಟವು ಬಾಗಿಲನ್ನು ತೋರಿಸಿರಬಹುದು. ಆ ಬಾಗಿಲಿನಿಂದ ನಲವತ್ತು ವರ್ಷ ಹಿಂದಿರುಗಿ ನೋಡದೆ ನಡೆಯಲು ಸಂಕಟವೊಂದೇ ಸಾಲದು.

ಆ ದಿನಗಳಲ್ಲಿ ತಂದೆ ಬಾಲಕೃಷ್ಣರಾಯರು ಮಗನಿಗೆ ತ್ರಯೋದಶಾಕ್ಷರಿ ರಾಮಮಂತ್ರವನ್ನು ಉಪದೇಶಿಸಿದರು. ಮಗನು ಅದನ್ನು ಹಗಲಿರುಳೂ ಜಪಿಸತೊಡಗಿದನು. ನಿದ್ರೆ ಕಡಿಮೆಯಾಯಿತು, ಊಟ ಕಡಿಮೆಯಾಯಿತು, ವ್ಯವಹಾರದ ಮೇಲಿನ ಲಕ್ಷ್ಯ ಪೂರಾ ಹೋಯಿತು. 1922ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಎರಡು ಕಾಗದಗಳು ಸಿದ್ಧವಾದವು. ಒಂದು, ಸಾಲದ ತೊಡಕನ್ನು ಬಿಡಿಸಲು ನೆರವಾಗಿದ್ದ ಮಿತ್ರರಿಗೆ. ಇನ್ನೊಂದು, ಪತ್ನಿ ರುಕ್ಮಾಬಾಯಿಯವರಿಗೆ. ಇನ್ನು ಮುಂದೆ ನೀನು ನನಗೆ ಸೋದರಿಯ ಸಮಾನ ಎಂಬುದು ಆ ಎರಡನೆಯ ಕಾಗದದ ತಾತ್ಪರ್ಯ. ಇಪ್ಪತ್ತೈದು ರೂಪಾಯಿ, ಕೆಲವು ಬಟ್ಟೆ, ಕೆಲವು ಪುಸ್ತಕ. ಪುಸ್ತಕಗಳಲ್ಲಿ ಭಗವದ್ಗೀತೆಯೂ ಇತ್ತು, ಕ್ರೈಸ್ತರ ಹೊಸ ಒಡಂಬಡಿಕೆಯೂ ಇತ್ತು. ನಸುಕಿನ ರೈಲು ಈರೋಡಿನ ಕಡೆಗೆ ಹೊರಟಿತು. ಮುಂದೆ ಶ್ರೀರಂಗದ ಕಾವೇರಿಯಲ್ಲಿ ಮಿಂದು, ಬಿಳಿಯ ಬಟ್ಟೆಯನ್ನು ಕಳಚಿ ಕಾವಿಯನ್ನುಟ್ಟು ಅವರು ರಾಮದಾಸರಾದರು. ಜೀವಮಾನದಲ್ಲಿ ಎಷ್ಟೋ ಬಟ್ಟೆಗೆ ಬಣ್ಣ ಹಾಕಿದ ಕೈಗಳಿಗೆ ಕಟ್ಟಕಡೆಯದಾಗಿ ದೊರೆತ ಬಣ್ಣ ಅದು.

ಅಲ್ಲಿಂದ ಮುಂದಿನದು ಸುಮಾರು ಒಂದು ವರ್ಷದ ಸಂಚಾರ. ರಾಮೇಶ್ವರ, ಮಧುರೆ, ಚಿದಂಬರ, ತಿರುವಣ್ಣಾಮಲೆ, ತಿರುಪತಿ, ಪುರಿ, ಕಲ್ಕತ್ತೆಯ ದಕ್ಷಿಣೇಶ್ವರ, ಕಾಶಿ, ಅಯೋಧ್ಯೆ, ಹಿಮಾಲಯದ ಕೇದಾರ-ಬದರಿ, ಮಥುರೆ-ವೃಂದಾವನ, ಸೌರಾಷ್ಟ್ರದ ಗಿರಿನಾರ ಮತ್ತು ಸೋಮನಾಥ, ದ್ವಾರಕೆ, ಪಂಚವಟಿ, ಪಂಢರಪುರ. ಪಟ್ಟಿಯನ್ನು ನೋಡಿದವರು ಕ್ಷೇತ್ರಮಹಿಮೆಯ ಗ್ರಂಥವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ದೇವಸ್ಥಾನಗಳ ವರ್ಣನೆ ಇಲ್ಲಿ ಬಲು ಕಡಿಮೆ. ಗೋಪುರ ಎಷ್ಟು ಎತ್ತರವೆಂದು ತಿಳಿಯಬಯಸುವವರು ಬೇರೆ ಪುಸ್ತಕ ಓದಬೇಕು. ಇಲ್ಲಿ ಇರುವುದು ಮನುಷ್ಯರು: ಅನ್ನ ಕೊಟ್ಟವರು, ಅನ್ನ ಇಲ್ಲವೆಂದವರು, ಕಂಬಳಿ ಹೊದಿಸಿದವರು, ಕಂಬಳಿ ಕದ್ದವರು, ರೈಲಿನಿಂದ ಇಳಿಸಿದವರು, ಮತ್ತೆ ಹತ್ತಿಸಿದವರು. ಇವರೆಲ್ಲರಿಗೂ ರಾಮದಾಸರು ಇಡುವ ಹೆಸರು ಒಂದೇ, ರಾಮ. ದಾರಿಯಲ್ಲಿ ಜೊತೆಗೂಡುವ ಬೈರಾಗಿ 'ಸಾಧುರಾಮ'. ಕೊಟ್ಟವನೂ ರಾಮ, ಕಸಿದುಕೊಂಡವನೂ ರಾಮ.

ತಮ್ಮನ್ನು ಕುರಿತು ಹೇಳುವಾಗ ರಾಮದಾಸರು 'ನಾನು' ಎಂಬ ಪದವನ್ನೇ ಬಳಸುವುದಿಲ್ಲ. 'ರಾಮದಾಸನು ಹೋದನು, ರಾಮದಾಸನು ಹಸಿದನು' ಎಂಬ ಧಾಟಿ. ಮೊದಮೊದಲು ಇದು ಕೃತಕವೆನಿಸುತ್ತದೆ. ಮೂವತ್ತು ಪುಟ ಕಳೆಯುವಷ್ಟರಲ್ಲಿ, ಆತ್ಮಕಥೆಗಳಲ್ಲಿ 'ನಾನು' ಎಂಬುದು ಎಷ್ಟು ಜಾಗವನ್ನು ನುಂಗುತ್ತದೆಯೆಂಬುದು ಓದುವವರಿಗೆ ಹೊಳೆಯತೊಡಗುತ್ತದೆ. ಇನ್ನೊಂದು ಗುಣವೆಂದರೆ ಹಾಸ್ಯ. ಸಂತರ ಬರಹಗಳಲ್ಲಿ ತಮ್ಮನ್ನು ತಾವೇ ನಗೆಗೀಡುಮಾಡಿಕೊಳ್ಳುವವರು ಕಡಿಮೆ. ರಾಮದಾಸರು ಮಗುವಿನಂತೆ ನಗುತ್ತಾರೆ, ಪೆಟ್ಟು ತಿಂದ ಮೇಲೂ.

ತಿರುವಣ್ಣಾಮಲೆಯ ಪ್ರಸಂಗ ಪುಸ್ತಕದ ಹೃದಯವೆನ್ನಬಹುದು. ರಮಣ ಮಹರ್ಷಿಗಳ ಎದುರು ನಿಂತು ರಾಮದಾಸರು ಅನುಗ್ರಹವನ್ನು ಬೇಡಿದರು. ಮಹರ್ಷಿಗಳು ಮಾತನಾಡಲಿಲ್ಲ, ಕೆಲವು ನಿಮಿಷ ದೃಷ್ಟಿಯಿಟ್ಟು ನೋಡಿದರು, ಅಷ್ಟೆ. ಅಲ್ಲಿಂದ ಹೊರಟು ಅರುಣಾಚಲದ ಗುಹೆಯೊಂದರಲ್ಲಿ ಸುಮಾರು ಮೂರು ವಾರ ಜಪದಲ್ಲಿದ್ದು ಹೊರಬಂದಾಗ, ಗಿಡ, ಕಲ್ಲು, ಎದುರಿಗೆ ಬಂದ ದಾರಿಹೋಕ ಎಲ್ಲವೂ ಒಂದೇ ಆಗಿ ತೋರಿತೆಂದೂ, ತಾವು ಹೋಗಿ ಮರವನ್ನು ಅಪ್ಪಿಕೊಂಡರೆಂದೂ ಅವರು ಬರೆಯುತ್ತಾರೆ. ಮುಂಡರಗಿ-ಶಿರಹಟ್ಟಿಯ ಕಡೆಯವರಿಗೆ ಇದನ್ನು ಓದುವಾಗ ಕಪ್ಪತಗುಡ್ಡ ನೆನಪಾಗದೆ ಇರದು. ಔಷಧಿಯ ಸಸ್ಯಗಳಿಗೆ ಹೆಸರಾದ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಗುಡ್ಡದ ಸಾಲಿಗೆ ತಪಸ್ಸಿಗೆಂದು ಹೋದವರ ಸಂಗತಿಗಳನ್ನು ಕೇಳುತ್ತಲೇ ಅಲ್ಲಿಯ ಮಕ್ಕಳು ಬೆಳೆಯುತ್ತಾರೆ. ಗುಡ್ಡಕ್ಕೆ ಹೋದವನು ಗುಡ್ಡದಿಂದ ಹೇಗೆ ಇಳಿದು ಬಂದನೆಂಬುದೇ ಆ ಕಥೆಗಳಲ್ಲಿ ಮುಖ್ಯ. ರಾಮದಾಸರು ಇಳಿದು ಬಂದದ್ದು ಪ್ರೀತಿಯಿಂದ, ಅದರಲ್ಲಿ ಸಂದೇಹವಿಲ್ಲ.

ಅಜ್ಮೀರದ ಖ್ವಾಜಾರ ದರ್ಗೆಗೂ ರಾಮದಾಸರು ಹೋದರು, ಒಬ್ಬ ಕ್ರೈಸ್ತ ಪಾದ್ರಿಯ ಮನೆಗೂ ಹೋದರು. ದೊಡ್ಡ ಪಟ್ಟಣಗಳ ಓದುಗರು ಈ ಅಧ್ಯಾಯಗಳನ್ನು ವಿಶೇಷವೆಂದು ಬಣ್ಣಿಸುತ್ತಾರೆ. ಶಿರಹಟ್ಟಿಯವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ. ಫಕೀರೇಶ್ವರರೆಂಬ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಒಟ್ಟಿಗೆ ಕುಳಿತಿರುವ ಮಠ ಅವರದು; ಎರಡೂ ಮತದವರು ಅಲ್ಲಿ ನಡೆದುಕೊಳ್ಳುತ್ತಾರೆ. ಲಕ್ಷ್ಮೇಶ್ವರದಲ್ಲಿಯೂ ಸೋಮೇಶ್ವರನ ಗುಡಿ, ಶಂಖಬಸದಿ, ಆದಿಲಶಾಹಿ ಕಾಲದ ಮಸೀದಿ ಎಲ್ಲ ಒಂದೇ ಊರೊಳಗೆ. ಭೇದವನ್ನು ದಾಟಲು ಅಜ್ಮೀರಕ್ಕೇ ಹೋಗಬೇಕೆಂದಿಲ್ಲವೆಂದು ಆ ಊರುಗಳವರು ಹೇಳಿದರೆ ಅದು ಗರ್ವದ ಮಾತಾಗಲಾರದು.

ಲಕ್ಷ್ಮೇಶ್ವರದ ಮಾತು ಬಂದ ಮೇಲೆ ಆದಯ್ಯನನ್ನು ಬಿಡುವುದೆಂತು? ಪುರಾತನ ಪುಲಿಗೆರೆಗೆ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆ ಶಿವಭಕ್ತ, ಪದ್ಮಾವತಿಯೆಂಬ ಜೈನ ಕನ್ಯೆಯನ್ನು ವರಿಸಿ ಇಲ್ಲಿಯವನೇ ಆದನು. ಹಟ ತೊಟ್ಟು ಸೌರಾಷ್ಟ್ರಕ್ಕೆ ಹೋಗಿ ಸೋಮನಾಥನನ್ನೇ ಪುಲಿಗೆರೆಗೆ ಕರೆತಂದನೆಂಬುದು ಹರಿಹರ ಕವಿಯ ರಗಳೆಯಿಂದ ಮನೆಮನೆಗೆ ತಿಳಿದ ಕಥೆ. ಲಕ್ಷ್ಮೇಶ್ವರದ ಗುಡಿಯಲ್ಲಿ ಶಿವ-ಪಾರ್ವತಿಯರು ನಂದಿಯನ್ನೇರಿ ಕುಳಿತಿರುವುದನ್ನು ಕಂಡವರಿಗೆ, ದೂರದ ಹಾದಿಯನ್ನು ಸವೆಸಿ ಈಗಷ್ಟೇ ಬಂದಿಳಿಯಲಿರುವವರಂತೆ ಆ ದಂಪತಿಗಳು ತೋರುತ್ತಾರೆ. ಜವಳಿಯ ವ್ಯಾಪಾರಿ ವಿಠಲರಾಯರು ದೇವರನ್ನು ಹುಡುಕುತ್ತ ಸೋಮನಾಥದವರೆಗೆ ಹೋದರು. ಪುಲಿಗೆರೆಯ ವ್ಯಾಪಾರಿ ಸೋಮನಾಥಕ್ಕೆ ಹೋಗಿ ದೇವರನ್ನು ಮನೆಯ ಹತ್ತಿರಕ್ಕೆ ತಂದನು. ಮನೆಯಲ್ಲಿ ಪದ್ಮಾವತಿ ಇದ್ದಳಲ್ಲ! ಹಿಂದಿರುಗಿ ಬರುವ ಹಾದಿ ಆದಯ್ಯನಿಗೆ ಬೇಕಾಗಿತ್ತು.

ಟಿಕೆಟ್ಟಿಲ್ಲದ ಪ್ರಯಾಣದ ಪ್ರಶ್ನೆಯನ್ನು ಗೃಹಸ್ಥರು ಎತ್ತಿಯೇ ಎತ್ತುತ್ತಾರೆ. ಕಾಸು ಮುಟ್ಟದ ಸಾಧು ರೈಲು ಹತ್ತಿದರೆ ಅವನ ಭಾರವನ್ನು ಹೊರುವವರು ಕಾಸು ಕೊಟ್ಟ ಮಿಕ್ಕವರಲ್ಲವೆ? ರಾಮದಾಸರ ಪುಸ್ತಕದಲ್ಲಿ ಇದಕ್ಕೆ ಸಮಾಧಾನವಿಲ್ಲ; ಟಿಕೆಟ್ ಕಲೆಕ್ಟರು ಇಳಿಸಿದರೆ ಇಳಿಯುವುದು, ಅದೂ ರಾಮನ ಇಚ್ಛೆ ಎನ್ನುವುದು, ಇಷ್ಟೆ. ಈ ವಿಷಯದಲ್ಲಿ ಗದಗಿನವರು ಬಹಳ ಕಟುವಾಗಿ ಮಾತನಾಡುವಂತಿಲ್ಲ. ಏಕೆಂದರೆ ರಾಮದಾಸರು ಮನೆ ಬಿಟ್ಟ 1922ರಲ್ಲಿಯೇ, ಫೆಬ್ರವರಿ 4ರಂದು, ಇದೇ ಸೀಮೆಯ ರೋಣದಲ್ಲಿ ಹುಟ್ಟಿದ ಹುಡುಗನೊಬ್ಬನು 1933ರಲ್ಲಿ ಹನ್ನೊಂದರ ಪ್ರಾಯದಲ್ಲಿ ಮನೆ ಬಿಟ್ಟು, ರೈಲಿನಲ್ಲಿ ಹಾಡುತ್ತ, ಕೇಳಿದವರ ಕೃಪೆಯಿಂದ ಗ್ವಾಲಿಯರಿನವರೆಗೆ ಹೋದನು. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಸುವ ಗುರುವನ್ನು ಹುಡುಕಿಕೊಂಡು ಹೊರಟವನು ಭೀಮಸೇನ ಜೋಶಿ. ಶಿಕ್ಷಕರಾಗಿದ್ದ ತಂದೆ ಗುರುರಾಜ ಜೋಶಿಯವರು ಅರಸಿ ಅರಸಿ ಜಲಂಧರದಲ್ಲಿ ಮಗನನ್ನು ಕಂಡು ಮನೆಗೆ ಕರೆತಂದರು. ಗುರು ದೊರೆತದ್ದು ಎಲ್ಲಿ? ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದವನಿಗೆ ಬೇಕಾದುದು ಬುತ್ತಿ ಕಟ್ಟಿಕೊಂಡು ಹೋಗಿ ಬರುವಷ್ಟು ಹತ್ತಿರದಲ್ಲಿತ್ತು. ಆದರೆ ಅಲೆಯದೆ ಇದ್ದಿದ್ದರೆ ಕುಂದಗೋಳ ಅವನ ಕಣ್ಣಿಗೆ ಕಾಣುತ್ತಿತ್ತೆ? ಮುಂದೆ ಭಾರತರತ್ನರಾದ ಆ ಗಾಯಕರ ಕಥೆಯನ್ನು ಹೇಳುವವರು ಹುಡುಗನ ಧೈರ್ಯವನ್ನು ಕೊಂಡಾಡುತ್ತಾರೆ. ಜಲಂಧರದವರೆಗೆ ಹುಡುಕುತ್ತ ಹೋದ ಮಾಸ್ತರರ ಪ್ರವಾಸ ಆ ಕೊಂಡಾಟದಲ್ಲಿ ಬದಿಗೆ ಸರಿಯುತ್ತದೆ.

ರಾಮದಾಸರ ಪುಸ್ತಕದಲ್ಲಿಯೂ ಇಂಥ ಇನ್ನೊಂದು ಪ್ರವಾಸ ಅಡಗಿದೆ. ವರ್ಷದ ಅಲೆದಾಟದ ಕೊನೆಗೆ ರಾಮದಾಸರು ಹುಬ್ಬಳ್ಳಿಗೆ ಬಂದರು. ಉತ್ತರದಿಂದ ಸೊಲ್ಲಾಪುರ-ವಿಜಾಪುರದ ಮೇಲೆ ಹುಬ್ಬಳ್ಳಿಗಿದ್ದ ಮೀಟರ್ ಗೇಜ್ ಹಾದಿ ಗದಗ ಜಂಕ್ಷನ್ನಿನ ಮೂಲಕವೇ ಹಾಯುತ್ತಿತ್ತು. ಈಗ ಅದು ಬ್ರಾಡ್ ಗೇಜಾಗಿದೆ. ಅಂದಿನ ಗದಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯದು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಎತ್ತಿನ ಗಾಡಿಯಲ್ಲಿ ಅರ್ಧ ದಿನ ಹೋದರೆ ಮೂರು ಸರಕಾರಗಳ ಎಲ್ಲೆಯನ್ನು ದಾಟಬಹುದಾಗಿದ್ದ ಕಾಲ. ಆದರೆ ಈ ಸೀಮೆಯವರೆಲ್ಲರೂ ಎಲ್ಲೆಯನ್ನು ಲೆಕ್ಕಿಸದೆ ನಡೆದುಕೊಳ್ಳುತ್ತಿದ್ದ ಒಂದು ಸ್ಥಳ ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠ. ಸಿದ್ಧಾರೂಢರು ಆಗ ವಯೋವೃದ್ಧರು. 1929ರಲ್ಲಿ ಅವರು ದೇಹವಿಟ್ಟರು. ರಾಮದಾಸರು ಅವರ ಸನ್ನಿಧಿಯಲ್ಲಿ ತಂಗಿದರು. ಸುದ್ದಿ ಮಂಗಳೂರಿಗೆ ಮುಟ್ಟಿತು. ರುಕ್ಮಾಬಾಯಿಯವರು ಚಿಕ್ಕ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದರು.

ಈ ಕೊನೆಯ ವಾಕ್ಯವನ್ನು ಓದುವವರು ಇನ್ನೊಮ್ಮೆ ಓದಬೇಕು. 1923ರ ಸುಮಾರಿನಲ್ಲಿ ಮಂಗಳೂರಿನಿಂದ ಹುಬ್ಬಳ್ಳಿಗೆ ನೇರವಾದ ರೈಲು ಇರಲಿಲ್ಲ. ಕರಾವಳಿಯುದ್ದಕ್ಕೂ ಕೊಂಕಣ ರೈಲು ಓಡಿದ್ದು 1998ರಲ್ಲಿ. ಆ ದಿನಗಳಲ್ಲಿ ಬರುವವರು ಹಡಗಿನಲ್ಲಿ ಗೋವೆಯ ಮಾರ್ಮಗೋವೆಗೆ ಹೋಗಿ, ಅಲ್ಲಿಂದ ಲೋಂಡಾದ ಮೇಲೆ ರೈಲಿನಲ್ಲಿ ಘಟ್ಟ ಹತ್ತಬೇಕು. ಇಲ್ಲವೆ ರಸ್ತೆಯಲ್ಲಿ ಘಟ್ಟವನ್ನೇರಬೇಕು. ಎರಡೂ ಹಾದಿಯಲ್ಲಿ ಹಣ ಬೇಕು, ಬುತ್ತಿ ಬೇಕು, ಮಗುವಿಗೆ ಮಲಗಲು ಜಾಗ ಬೇಕು. ಗಂಡನ ಸಾಲದಿಂದ ಕುಸಿದ ಮನೆಯ ಹೆಣ್ಣುಮಗಳು, 'ನೀನು ನನಗೆ ಸೋದರಿ' ಎಂಬ ಕಾಗದವನ್ನು ಓದಿ ಒಂದು ವರ್ಷ ಕಳೆದವಳು, ಹತ್ತು ಜನರ ಕಣ್ಣೆದುರು ಮಠದಲ್ಲಿ ನಿಂತು ತನ್ನ ಗಂಡನನ್ನು ಮನೆಗೆ ಕರೆಯಬೇಕಾಗಿತ್ತು. ಬದರಿಯ ಹಿಮಕ್ಕಿಂತ ಇದು ಸುಲಭದ ಪ್ರವಾಸವೆಂದು ಯಾರು ಹೇಳಿಯಾರು?

ರಾಮದಾಸರು ಸಿಟ್ಟಾಗಲಿಲ್ಲ, ಅಡಗಿಕೊಳ್ಳಲೂ ಇಲ್ಲ. ಮೃದುವಾಗಿಯೇ ಮಾತನಾಡಿದರು, ಎಲ್ಲವೂ ರಾಮನ ಇಚ್ಛೆಯೆಂದರು. ಅವರೊಡನೆ ಮಂಗಳೂರಿಗೂ ಹೋದರು. ಆದರೆ ಮನೆಯನ್ನು ಸೇರಲಿಲ್ಲ. ಕದ್ರಿಯ ಗುಡ್ಡವನ್ನು ಹತ್ತಿದರು. ಅಲ್ಲಿಯ ಪಾಂಡವರ ಗುಹೆಯಲ್ಲಿದ್ದ ತಿಂಗಳುಗಳಲ್ಲಿ ಬರೆದದ್ದೇ ಈ ಪುಸ್ತಕ. ಅಂದರೆ, ಪುಟಗಳ ಮೇಲೆ ಹಿಮಾಲಯವೂ ಗಿರಿನಾರವೂ ಮೂಡುತ್ತಿದ್ದಾಗ, ಬಿಟ್ಟ ಮನೆ ಗುಡ್ಡದ ಕೆಳಗೆ ಅದೇ ಊರಿನಲ್ಲಿತ್ತು. ಓದುವವರ ಎದೆಯಲ್ಲಿ ಚುಚ್ಚುವ ಮುಳ್ಳು ಇದು. ಎಲ್ಲರಲ್ಲಿಯೂ ರಾಮನನ್ನು ಕಂಡ ದೃಷ್ಟಿ, ಟಿಕೆಟ್ ಕಲೆಕ್ಟರನಲ್ಲಿಯೂ ಕಳ್ಳನಲ್ಲಿಯೂ ಕಂಡ ದೃಷ್ಟಿ, ಬಾಗಿಲಲ್ಲಿ ಕಾದವಳಲ್ಲಿಯೂ ಕಾಣದೆ ಇದ್ದೀತೆ? ಕಂಡಿತು ಎಂದೇ ಭಕ್ತರ ಉತ್ತರ. ರಾಮನನ್ನು ಕಂಡಿತು, ಹೆಂಡತಿಯನ್ನು ಕಾಣಲಿಲ್ಲ ಎಂಬುದು ಅವರ ವಿವರಣೆ. ತರ್ಕ ಸರಿ. ಆದರೆ ಅವಳಿಗೆ ಬೇಕಾಗಿದ್ದುದು ರಾಮನಾಗುವುದಲ್ಲ, ರುಕ್ಮಾಬಾಯಿಯಾಗಿ ಕಾಣಿಸಿಕೊಳ್ಳುವುದು.

ಹಾಗೆಂದು ಪುಸ್ತಕವನ್ನು ಆಚೆಗೆ ಸರಿಸಿಬಿಡುವುದೂ ನ್ಯಾಯವಲ್ಲ. ಮುಚ್ಚಿಡಬಹುದಾಗಿದ್ದ ಈ ಪ್ರಸಂಗವನ್ನು ರಾಮದಾಸರು ಮುಚ್ಚಿಡಲಿಲ್ಲ. ಕಾಗದದ ಸಂಗತಿಯನ್ನೂ ಸಾಲದ ಸಂಗತಿಯನ್ನೂ ತಾವೇ ಹೇಳಿದರು. ಗಂಡಸರು ಬರೆದ ಎಷ್ಟು ಆತ್ಮಕಥೆಗಳಲ್ಲಿ ಇಷ್ಟಾದರೂ ಸಿಕ್ಕುತ್ತದೆ? ಮುಂದೆ 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ನೆಲೆಗೊಂಡಿತು. ಅದನ್ನು ಅವರೊಡನೆ ಕಟ್ಟಿ ನಡೆಸಿದವರು ಒಬ್ಬ ಮಹಿಳೆ, ಮಾತಾ ಕೃಷ್ಣಾಬಾಯಿ. ರಾಮದಾಸರು 1963ರಲ್ಲಿ ತೀರಿಕೊಂಡರು. ಆಶ್ರಮ ಇಂದಿಗೂ ನಡೆದಿದೆ. ಅಲ್ಲಿ ಬಂದವರಿಗೆ ಅನ್ನವಿದೆ, ಜಪವಿದೆ. ಮನೆ ಬಿಟ್ಟವರು ಕಡೆಗೆ ಕಟ್ಟಿದ್ದು ಒಂದು ದೊಡ್ಡ ಮನೆಯನ್ನೇ ಎಂದು ಗೃಹಿಣಿಯರು ನಸುನಕ್ಕರೆ ತಪ್ಪಾಗದು.

ಗದಗಿನ ನೆಲದಲ್ಲಿ ಬೇರೊಂದು ಬಗೆಯ ಸಂಚಾರವೂ ಬೆಳೆದಿದೆ. ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಕಟ್ಟಿಕೊಂಡು ಊರೂರು ಅಲೆದರು. ಜೋಳಿಗೆ ಹಿಡಿದರು, ನಾಟಕ ಆಡಿಸಿದರು, ಎಷ್ಟೋ ಸಲ ಸಾಲ ಹೊತ್ತರು. ಅವರು 1944ರಲ್ಲಿ ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಶಿಷ್ಯರಾದ ಪುಟ್ಟರಾಜ ಗವಾಯಿಗಳದಾಯಿತು. 2010ರವರೆಗೆ ಅವರು ಅದನ್ನು ಹೊತ್ತರು. ಇವರೂ ಸಂಸಾರ ಮಾಡಿದವರಲ್ಲ, ಆದರೆ ಇವರ ಜೋಳಿಗೆಯ ಹಿಂದೆ ಉಣ್ಣಬೇಕಾದ ಬಾಯಿಗಳು ಇದ್ದವು, ಎಣಿಸಿ ಲೆಕ್ಕ ಇಡಬೇಕಾದ ರೊಟ್ಟಿಗಳಿದ್ದವು. ರಾಮದಾಸರ ಜೋಳಿಗೆ ಒಬ್ಬನ ಹೊಟ್ಟೆಗೆ ಸಾಕಾಗುವಷ್ಟು ಹಗುರ. ಅದರ ಸಂತೋಷವೇ ಆ ಪುಸ್ತಕದ ಸಂತೋಷ. ಪುಣ್ಯಾಶ್ರಮದ ಜೋಳಿಗೆಗೆ ಆ ಹಗುರ ಎಂದೂ ಬರಲಿಲ್ಲ. ಇನ್ನು ವೀರನಾರಾಯಣನ ಗುಡಿಯಲ್ಲಿ, ಮಿಂದು ಉಟ್ಟ ಒದ್ದೆ ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದನೆಂಬ ಐತಿಹ್ಯದ ಕುಮಾರವ್ಯಾಸ, ಕಂಬಕ್ಕೆ ಒರಗಿದಲ್ಲಿಂದಲೇ ಹಸ್ತಿನಾವತಿಯಿಂದ ಕುರುಕ್ಷೇತ್ರದವರೆಗೆ ಓಡಾಡಿಬಿಟ್ಟನು. ಬಟ್ಟೆ ಆರಿದ ಮೇಲೆ ಎದ್ದು ತನ್ನ ಕೆಲಸಕ್ಕೆ ಹೋಗುತ್ತಿದ್ದನೇನೋ. ಮನೆಗೆಲಸದ ನಡುವೆ ಅರ್ಧ ಗಂಟೆ ಕದ್ದು ಓದುವವರಿಗೆ ಆ ಒದ್ದೆ ಬಟ್ಟೆಯ ಅಳತೆ ಬಹಳ ಹಿಡಿಸುತ್ತದೆ.

'ಇನ್ ಕ್ವೆಸ್ಟ್ ಆಫ್ ಗಾಡ್' ದೊಡ್ಡ ಪುಸ್ತಕವೇನಲ್ಲ, ಮಳೆಗಾಲದ ಎರಡು ಸಂಜೆಗಳಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಸರಳವಾದುದು, ಹೈಸ್ಕೂಲು ಮುಗಿಸಿದ ಹುಡುಗಿಯೊಬ್ಬಳು ಅಜ್ಜಿಗೆ ಓದಿ ಹೇಳಬಹುದು. ಹಾಗೆ ಓದಿ ಹೇಳುವ ಮನೆಗಳಲ್ಲಿ ಅಜ್ಜಿಯರು ಕೇದಾರದ ಅಧ್ಯಾಯಕ್ಕೆ ಕೈ ಮುಗಿಯುತ್ತಾರೆ, ಕಂಬಳಿ ಕಳೆದ ಪ್ರಸಂಗಕ್ಕೆ ನಗುತ್ತಾರೆ; ಹುಬ್ಬಳ್ಳಿಯ ಅಧ್ಯಾಯ ಬಂದಾಗ ಮಾತ್ರ ಓದನ್ನು ನಿಲ್ಲಿಸಿ, ಆ ತಾಯಿ-ಮಗಳು ಹಡಗಿನಲ್ಲಿ ಬಂದರೋ ಘಟ್ಟದ ಹಾದಿಯಲ್ಲಿ ಬಂದರೋ, ದಾರಿಯಲ್ಲಿ ಊಟಕ್ಕೇನು ಮಾಡಿಕೊಂಡರೋ ಎಂದು ಕೇಳುತ್ತಾರೆ.